ಗಟ್ಟಿ ಓದು ಬೇಡುವ ಮಗಳಿಗೆ

ಪ್ರಶ್ನೆ: ನಮ್ಮದು ಬಸವೇಶ್ವರನಗರ. ಹತ್ತನೇ ತರಗತಿಯ ಮಗಳು ತೇಜಸ್ವಿಯವರ ‘ಕರ್ವಾಲೊ’, ‘ಜುಗಾರಿ ಕ್ರಾಸ್’ ಮುಗಿಸಿ, ಇನ್ನೂ ಗಟ್ಟಿಯಾದದ್ದು ಬೇಕು ಅನ್ನುತ್ತಿದ್ದಾಳೆ. ಏನು ಕೊಡಲಿ?

ಉತ್ತರ: ಮೊದಲು ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ (1968) ಕೊಡಿ. ಅಜ್ಜಿ, ಮೊಮ್ಮಗನ ಮಾತುಕತೆಯಲ್ಲೇ ದೇವರು, ದಾಂಪತ್ಯ, ಇತಿಹಾಸ ಎಲ್ಲವೂ ಪ್ರಶ್ನೆಗೊಳಗಾಗುತ್ತವೆ. ಆಮೇಲೆ ವಿವೇಕ ಶಾನಭಾಗರ ‘ಘಾಚರ್ ಘೋಚರ್’. ದಿಢೀರನೆ ದುಡ್ಡು ಕಂಡ ಬೆಂಗಳೂರಿನ ಮನೆಯೊಂದರ ಕಥೆ. ಪುಟ ಕಡಿಮೆ, ಆದರೆ ನಿರೂಪಕ ಹೇಳದೆ ಬಿಟ್ಟದ್ದನ್ನು ಅವಳೇ ಹುಡುಕಬೇಕು.

ದೇವನೂರ ಮಹಾದೇವರ ‘ಕುಸುಮಬಾಲೆ’ಯಲ್ಲಿರುವುದು ನಂಜನಗೂಡು ಸೀಮೆಯ ಆಡುನುಡಿ. ಮೊದಲ ಪುಟಗಳನ್ನು ಇಬ್ಬರೂ ಜೋರಾಗಿ ಓದಿ, ಲಯ ಸಿಕ್ಕಿದರೆ ಅರ್ಥ ತಾನಾಗಿ ತೆರೆದುಕೊಳ್ಳುತ್ತದೆ. ಬೇಸಿಗೆ ರಜೆಗೆ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಇಡಿ. ಅಲ್ಲಿ ಒಬ್ಬನೇ ನಾಯಕನಿಲ್ಲ, ಹತ್ತಾರು ಬದುಕುಗಳು ಹೆಣೆದುಕೊಂಡಿವೆ. ಪಾತ್ರಗಳ ಹೆಸರು ಬರೆದಿಟ್ಟುಕೊಂಡು ಓದಲಿ.

ಇವುಗಳಲ್ಲಿ ಜಾತಿಯ ಕ್ರೌರ್ಯ, ಗಂಡು ಹೆಣ್ಣಿನ ಸಂಬಂಧ ಮುಚ್ಚುಮರೆಯಿಲ್ಲದೆ ಬರುತ್ತವೆ. ಹೆದರಬೇಡಿ, ನೀವೂ ಓದಿ ಅವಳೊಂದಿಗೆ ಮಾತಾಡಿ. ಕೊಳ್ಳುವ ಮುನ್ನ ಹಂಪಿನಗರದ ನಗರ ಕೇಂದ್ರ ಗ್ರಂಥಾಲಯದಲ್ಲಿ ವಿಚಾರಿಸಿ. ಐವತ್ತು ಪುಟ ದಾಟಿಯೂ ಹಿಡಿಸದ ಪುಸ್ತಕವನ್ನು ಪಕ್ಕಕ್ಕಿಡಲಿ. ವರ್ಷ ಕಳೆದ ಮೇಲೆ ಅದೇ ಪುಸ್ತಕ ಒಲಿಯಬಹುದು.