ಎರಡನೆಯ ಹಾರ್ಡ್ ಡಿಸ್ಕ್ ಕಾಣಿಸದಿದ್ದಾಗ

ಗಣಕಯಂತ್ರಕ್ಕೆ ಜೋಡಿಸಿದ ಎರಡನೆಯ ಹಾರ್ಡ್ ಡಿಸ್ಕ್ ತೆರೆಯ ಮೇಲೆ ಕಾಣಿಸದಿದ್ದರೆ ಅದು ಕೆಟ್ಟಿದೆಯೆಂದು ತೀರ್ಮಾನಿಸುವುದು ಅವಸರವಾದೀತು.

ಮೊದಲು ವಿದ್ಯುತ್ ಸಂಪರ್ಕ ತಪ್ಪಿಸಿ, ಡಿಸ್ಕಿನ ಎರಡೂ ಕೇಬಲ್‌ಗಳನ್ನು ಬಿಗಿಯಾಗಿ ಕೂರಿಸಬೇಕು. ಬಳಿಕ ಬಯಾಸ್‌ನಲ್ಲಿ ಡಿಸ್ಕಿನ ಹೆಸರಿದೆಯೇ ಎಂದು ನೋಡಬೇಕು. ಇಲ್ಲವಾದರೆ ಬೇರೆ ಕೇಬಲ್, ಬೇರೆ ಸಾಟಾ ಪೋರ್ಟ್ ಬಳಸಿ ಪರೀಕ್ಷಿಸತಕ್ಕದ್ದು.

ಬಯಾಸ್‌ನಲ್ಲಿದ್ದು ವಿಂಡೋಸ್‌ನಲ್ಲಿ ಮಾತ್ರ ಕಾಣದಿದ್ದರೆ, ಹೊಸ ಡಿಸ್ಕನ್ನು ‘ಡಿಸ್ಕ್ ಮ್ಯಾನೇಜ್‌ಮೆಂಟ್’ನಲ್ಲಿ ಇನಿಷಿಯಲೈಸ್ ಮಾಡಿ, ಫಾರ್ಮ್ಯಾಟ್ ಮಾಡಬೇಕು. 2 ಟೆರಾಬೈಟಿಗಿಂತ ದೊಡ್ಡದಾದರೆ ಜಿಪಿಟಿ ಪದ್ಧತಿಯನ್ನೇ ಆರಿಸಬೇಕು. ಎಂಬಿಆರ್ ಪದ್ಧತಿಯಲ್ಲಿ ಮಿಕ್ಕ ಜಾಗ ಬಳಕೆಗೆ ಬಾರದು.

ಆದರೆ ಹಳೆಯ ಯಂತ್ರದಿಂದ ತೆಗೆದ ಡಿಸ್ಕಿಗೆ ಈ ಕ್ರಮ ಸಲ್ಲದು. ಅದಕ್ಕೆ ಡ್ರೈವ್ ಅಕ್ಷರವೊಂದನ್ನು ಕೊಟ್ಟರಷ್ಟೇ ಸಾಕಾಗಬಹುದು. ಫಾರ್ಮ್ಯಾಟ್ ಮಾಡಿದರೆ ಮಕ್ಕಳ ಭಾವಚಿತ್ರಗಳು, ಮನೆಯ ಲೆಕ್ಕಪತ್ರಗಳು ಕೈತಪ್ಪಿಯಾವು. ಚೆಕ್ಕಿಗೆ ಸಹಿ ಹಾಕುವ ಮುನ್ನ ಮೊತ್ತ ನೋಡುವಂತೆ, ಗುಂಡಿ ಒತ್ತುವ ಮುನ್ನ ಡಿಸ್ಕಿನ ಸಂಖ್ಯೆಯನ್ನೂ ಗಾತ್ರವನ್ನೂ ಎರಡು ಬಾರಿ ನೋಡುವುದು ಕ್ಷೇಮ.