ಗುಂಗುರು ಕೂದಲಿಗೆ ಮೊದಲು ನೀರು, ಆಮೇಲೆ ಎಣ್ಣೆ

ಎಷ್ಟು ಎಣ್ಣೆ ಹಚ್ಚಿದರೂ ಕೂದಲು ಒಣಹುಲ್ಲಿನ ಹಾಗೇ ಇರುತ್ತದೆ ಎಂದು ಗುಂಗುರು ಕೂದಲಿನವರು ಕೊರಗುವುದುಂಟು. ನೆತ್ತಿಯಲ್ಲಿ ಒಸರುವ ಜಿಡ್ಡು ನೇರ ಕೂದಲಲ್ಲಿ ತುದಿಯವರೆಗೂ ಸಲೀಸಾಗಿ ಇಳಿಯುತ್ತದೆ; ಸುರುಳಿ ಕೂದಲಲ್ಲಿ ಅಷ್ಟು ದೂರ ಹೋಗುವುದಿಲ್ಲ. ಎಣ್ಣೆಯಾದರೂ ತೇವ ಕೊಡುವುದಿಲ್ಲ, ಇರುವ ತೇವ ಆರಿಹೋಗದಂತೆ ತಡೆಯುತ್ತದೆ ಅಷ್ಟೆ.

ಮಲೆನಾಡು, ಕರಾವಳಿಯ ಮನೆಗಳಲ್ಲಿ ಇದಕ್ಕೊಂದು ಒಳ್ಳೆಯ ಉಪಾಯವಿದೆ: ದಾಸವಾಳದ ಎಲೆಯ ಲೋಳೆ. ಎರಡು ಹಿಡಿ ಎಲೆ ತೊಳೆದು, ಅರ್ಧ ಗಂಟೆ ನೀರಲ್ಲಿ ನೆನೆಸಿ, ಅದೇ ನೀರಲ್ಲಿ ಚೆನ್ನಾಗಿ ಕಿವುಚಿ. ಬೆರಳೆತ್ತಿದರೆ ಹಸಿರು ಲೋಳೆ ಎಳೆ ಎಳೆಯಾಗಿ ಇಳಿಯಬೇಕು. ತೆಳುಬಟ್ಟೆಯಲ್ಲಿ ಸೋಸುವುದನ್ನು ಮರೆಯಬೇಡಿ. ಸುರುಳಿಯೊಳಗೆ ಸಿಕ್ಕಿಕೊಂಡ ಎಲೆಚೂರು ತೆಗೆಯುವುದು ದೊಡ್ಡ ರಗಳೆ. ಒದ್ದೆ ಕೂದಲಿಗೆ ಹಚ್ಚಿ, ಲೋಳೆ ಇರುವಾಗಲೇ ತುದಿಯಿಂದ ಮೇಲಕ್ಕೆ ಬೆರಳಲ್ಲೇ ಸಿಕ್ಕು ಬಿಡಿಸಿ. 20 ನಿಮಿಷ ಬಿಟ್ಟು ತೊಳೆಯಿರಿ.

ನೀರು ತೊಟ್ಟಿಕ್ಕುವುದು ನಿಂತ ಮೇಲೆ, ತೇವ ಇನ್ನೂ ಇರುವಾಗ, ನಾಲ್ಕೈದು ಹನಿ ಕೊಬ್ಬರಿ ಎಣ್ಣೆ ಅಂಗೈಗೆ ಸವರಿಕೊಂಡು ತುದಿಗಳಿಗೆ ಹಚ್ಚಿ. ಒರಟು ಟವೆಲಿನಲ್ಲಿ ತಿಕ್ಕಬೇಡಿ, ಹಳೆಯ ಹತ್ತಿ ಪಂಚೆಯಲ್ಲಿ ಒತ್ತಿ ಒರೆಸಿ. ಒಣಗಿದ ಮೇಲೆ ಬಾಚುವುದೂ ಬೇಡ.

ಸೀಗೆಕಾಯಿ, ಅಂಟುವಾಳ ನಮ್ಮ ಮನೆಮದ್ದೇ ನಿಜ. ಆದರೆ ಅವು ಇರುವ ಜಿಡ್ಡನ್ನೂ ತೆಗೆದುಬಿಡುತ್ತವೆ. ಗುಂಗುರು ಕೂದಲಿಗೆ ವಾರಕ್ಕೊಮ್ಮೆ ಸಾಕೇ ಸಾಕು. ಪುಟ್ಟ ಮಕ್ಕಳಿದ್ದರೆ, ದಯವಿಟ್ಟು ಅವರ ಗುಂಗುರನ್ನು ಎಳೆದೆಳೆದು ಬಿಗಿಯಾಗಿ ಜಡೆ ಹಾಕಬೇಡಿ. ಹಣೆಯಂಚಿನ ಕೂದಲು ಉದುರುವುದು ಹೀಗೆಯೇ.

ಹೊಸದೇನನ್ನೇ ಹಚ್ಚುವ ಮೊದಲು ಮೊಣಕೈಯ ಒಳಮಗ್ಗುಲಿಗೆ ಸ್ವಲ್ಪ ಸವರಿ ಒಂದು ದಿನ ಕಾದು ನೋಡಿ. ತುರಿಕೆ ಎದ್ದರೆ ಬಿಟ್ಟುಬಿಡಿ.