ಪಾಲಿನ ಕುದುರೆ

ಮಾನವನಿಗೂ ಕುದುರೆಗೂ ಇರುವ ನಂಟು ನಾಲ್ಕು ಸಾವಿರ ವರ್ಷಗಳಿಗೂ ಮಿಕ್ಕಿದುದು. ಆ ದೀರ್ಘ ಕಾಲದಲ್ಲಿ ಕುದುರೆ ರಥವನ್ನೆಳೆಯಿತು, ರಣರಂಗದಲ್ಲಿ ಯೋಧನನ್ನು ಹೊತ್ತಿತು, ಹೊಲವನ್ನು ಉತ್ತಿತು, ಅಂಚೆಯನ್ನು ಊರಿಂದೂರಿಗೆ ಮುಟ್ಟಿಸಿತು. ಇಪ್ಪತ್ತನೆಯ ಶತಮಾನದಲ್ಲಿ ಮೋಟಾರು ವಾಹನವೂ ಟ್ರ್ಯಾಕ್ಟರೂ ಬಂದು ಅದರ ದುಡಿಮೆಯ ಭಾರವನ್ನು ಇಳಿಸಿದುವು. ಕೆಲಸ ತಪ್ಪಿದ ಪ್ರಾಣಿಗೆ ಮನುಷ್ಯನ ಬಳಿ ಎಡೆ ದೊರೆಯುವುದು ಅಪರೂಪ. ಆದರೂ ಬ್ರಿಟನ್, ಜರ್ಮನಿ ಮೊದಲಾದ ದೇಶಗಳಲ್ಲಿ ಕುದುರೆ ಮರೆಯಾಗಲಿಲ್ಲ. ಸವಾರಿಯ ಸಂತೋಷಕ್ಕೂ ಕ್ರೀಡೆಗೂ ಒಡನಾಟಕ್ಕೂ ಒದಗುವ ಪ್ರಾಣಿಯಾಗಿ ಅದು ಅಲ್ಲಿ ಉಳಿದುಕೊಂಡಿತು.

ಕುದುರೆಯನ್ನು ಬಯಸುವವರು ಅನೇಕರು, ಸಾಕಬಲ್ಲವರು ಕೆಲವರು. ಮೇವು, ಲಾಯದ ಬಾಡಿಗೆ, ಪಶುವೈದ್ಯರ ವೆಚ್ಚ, ಲಾಳ ಕಟ್ಟುವವನ ಕೂಲಿ, ಜೀನು, ಲಗಾಮು ಎಂದು ಖರ್ಚಿಗೆ ಕೊನೆಯಿಲ್ಲ. ಹಣವಿದ್ದರೂ ಎಲ್ಲರಿಗೂ ಬಿಡುವಿರುವುದಿಲ್ಲ. ಚೆನ್ನಾಗಿ ನೋಡಿಕೊಂಡ ಕುದುರೆ ಇಪ್ಪತ್ತೈದು ಮೂವತ್ತು ವರ್ಷ ಬಾಳುತ್ತದೆ. ಅಷ್ಟು ಕಾಲ ಒಂದು ದಿನವೂ ತಪ್ಪದೆ ಅದರ ಸೇವೆ ಮಾಡುವುದು ಒಬ್ಬರಿಂದ ಆಗುವ ಮಾತಲ್ಲ. ಈ ತೊಡಕಿಗೆ ಪರಿಹಾರವಾಗಿ ರೂಢಿಗೆ ಬಂದುದೇ ಕುದುರೆಯ ಪಾಲುಗಾರಿಕೆ. ಕುದುರೆ ಒಡೆಯನದಾಗಿಯೇ ಉಳಿಯುತ್ತದೆ. ಮತ್ತೊಬ್ಬರು ವಾರದಲ್ಲಿ ಎರಡು ಮೂರು ದಿನ ಬಂದು ಅದರ ಆರೈಕೆ ಮಾಡಿ ಸವಾರಿ ಮಾಡುತ್ತಾರೆ. ಅದಕ್ಕೆ ಪ್ರತಿಯಾಗಿ ಖರ್ಚಿನ ಒಂದು ಭಾಗವನ್ನು ಕೊಡುತ್ತಾರೆ, ಇಲ್ಲವೆ ದುಡಿಮೆಯಿಂದಲೇ ಆ ಋಣವನ್ನು ತೀರಿಸುತ್ತಾರೆ. ಜರ್ಮನರು ಇದನ್ನು ‘ರೈಟ್‌ಬೆಟೈಲಿಗುಂಗ್’ ಎಂದು ಕರೆಯುತ್ತಾರೆ. ಸವಾರಿಯಲ್ಲಿ ಪಾಲು ಎಂಬುದೇ ಆ ಮಾತಿನ ಅರ್ಥ.

ಕನ್ನಡ ನಾಡಿನ ಹಳ್ಳಿಗಳಲ್ಲಿಯೂ ಕರುವನ್ನೋ ಕುರಿಯನ್ನೋ ಪಾಲಿಗೆ ಕೊಡುವ ವಾಡಿಕೆಯುಂಟು. ಅಲ್ಲಿ ಒಡೆಯನೂ ಸಾಕಿದವನೂ ಮುಂದೆ ಬರುವ ಲಾಭವನ್ನು ಹಂಚಿಕೊಳ್ಳುತ್ತಾರೆ. ಕುದುರೆಯ ಪಾಲುಗಾರಿಕೆಯಲ್ಲಿ ಹಂಚಿಕೊಳ್ಳಲು ಹಣದ ಲಾಭವೇನೂ ಇರುವುದಿಲ್ಲ. ಅಲ್ಲಿ ಹಂಚಿಕೆಯಾಗುವುದು ಖರ್ಚು, ಕೆಲಸ ಮತ್ತು ಒಡನಾಟ.

ಪಾಲುಗಾರಿಕೆ ಬೇರೆ, ಬಾಡಿಗೆ ಬೇರೆ. ಈ ಭೇದವನ್ನು ಅರಿಯಲು ಇಂಗ್ಲೆಂಡಿನ ಅನ್ನಾ ಸಿವೆಲ್ ಬರೆದ ‘ಬ್ಲ್ಯಾಕ್ ಬ್ಯೂಟಿ’ ಎಂಬ ಕಾದಂಬರಿ ನೆರವಾಗುತ್ತದೆ. 1820ರಲ್ಲಿ ಹುಟ್ಟಿದ ಈಕೆ ಹದಿನಾಲ್ಕನೆಯ ವಯಸ್ಸಿನಲ್ಲಿ ಬಿದ್ದು ಕಾಲಿಗೆ ಪೆಟ್ಟು ಮಾಡಿಕೊಂಡಳು. ಆ ಬಳಿಕ ಜೀವಮಾನವೆಲ್ಲ ಸರಾಗವಾಗಿ ನಡೆಯಲಾರದೆ ಕುದುರೆಗಾಡಿಯನ್ನೇ ನೆಚ್ಚಿಕೊಳ್ಳಬೇಕಾಯಿತು. ತನ್ನನ್ನು ಹೊತ್ತ ಪ್ರಾಣಿಗಳ ಕಷ್ಟವನ್ನು ಹತ್ತಿರದಿಂದ ಕಂಡ ಆಕೆ, ಕುದುರೆಯೇ ತನ್ನ ಬಾಳಿನ ಕಥೆಯನ್ನು ಹೇಳುವಂತೆ ಈ ಕೃತಿಯನ್ನು ರಚಿಸಿದಳು. 1877ರಲ್ಲಿ ಅದು ಪ್ರಕಟವಾಯಿತು. ಮರುವರ್ಷವೇ ಆಕೆ ತೀರಿಕೊಂಡಳು. ಕಥೆಯ ಒಂದು ಘಟ್ಟದಲ್ಲಿ ಆ ಕುದುರೆ ಬಾಡಿಗೆ ಲಾಯವನ್ನು ಸೇರುತ್ತದೆ. ದುಡ್ಡು ತೆತ್ತವರೆಲ್ಲ ಅದನ್ನು ಓಡಿಸುವವರೇ. ಒಬ್ಬನಂತೂ ಅದರ ಗೊರಸಿನಲ್ಲಿ ಕಲ್ಲು ಸಿಕ್ಕಿ ಕುಂಟುತ್ತಿದ್ದರೂ ಗಮನಿಸದೆ ಗಾಡಿಯನ್ನು ಓಡಿಸುತ್ತಾನೆ. ದಾರಿಯಲ್ಲಿ ಎದುರಾದ ರೈತನೊಬ್ಬ ಅದನ್ನು ಕಂಡು ಕಲ್ಲನ್ನು ತೆಗೆಯಬೇಕಾಗುತ್ತದೆ. ಬಾಡಿಗೆದಾರನಿಗೆ ಬೇಕಾದುದು ಕುದುರೆಯ ಇಂದಿನ ಓಟ ಮಾತ್ರ. ಪಾಲುಗಾರನಿಗಾದರೋ ಅದರ ನಾಳೆಯೂ ಬೇಕು.

ಹಂಚಿಕೊಳ್ಳುವ ವಸ್ತು ಸೈಕಲ್ಲಾಗಿದ್ದರೆ ಇಷ್ಟು ಚಿಂತೆಯಿಲ್ಲ. ಬಳಸದ ದಿನ ಅದನ್ನು ಗೋಡೆಗೆ ಒರಗಿಸಿಡಬಹುದು. ಕುದುರೆಯ ದೇಹಕ್ಕೆ ಅಂಥ ಬಿಡುವಿಲ್ಲ. ಅದರ ಜಠರ ದೇಹದ ಗಾತ್ರಕ್ಕೆ ಹೋಲಿಸಿದರೆ ಬಹು ಚಿಕ್ಕದು. ಆದುದರಿಂದ ಅದು ಸ್ವಲ್ಪ ಸ್ವಲ್ಪವಾಗಿ ದಿನದ ಬಹುಭಾಗವೆಲ್ಲ ಮೇಯುತ್ತಿರಬೇಕು. 500 ಕಿಲೋಗ್ರಾಂ ತೂಗುವ ಕುದುರೆಗೆ ದಿನವೊಂದಕ್ಕೆ ಸುಮಾರು 8ರಿಂದ 10 ಕಿಲೋಗ್ರಾಂ ಒಣಹುಲ್ಲೂ 25ರಿಂದ 50 ಲೀಟರ್ ನೀರೂ ಬೇಕು. ಒಮ್ಮೆ ನುಂಗಿದುದನ್ನು ವಾಂತಿ ಮಾಡಿ ಹೊರಹಾಕುವ ಶಕ್ತಿ ಅದಕ್ಕಿಲ್ಲ. ಮೇವಿನಲ್ಲಿ ಏರುಪೇರಾದರೆ, ಕರುಳಿನ ಚಲನೆ ಕುಂದಿದರೆ, ಹೊಟ್ಟೆಶೂಲೆ ಬರುತ್ತದೆ. ಮನುಷ್ಯನಿಗೆ ಹೊಟ್ಟೆನೋವು ಸಾಮಾನ್ಯ ಸಂಗತಿ. ಕುದುರೆಗೆ ಅದು ಕೆಲವೊಮ್ಮೆ ಪ್ರಾಣಾಂತಕವಾಗಬಲ್ಲುದು. ಗೊರಸೂ ಉಗುರಿನಂತೆ ಬೆಳೆಯುತ್ತಲೇ ಇರುತ್ತದೆ. ಆರರಿಂದ ಎಂಟು ವಾರಗಳಿಗೊಮ್ಮೆ ಅದನ್ನು ಕತ್ತರಿಸಿ ಸಮಮಾಡಿ, ಲಾಳವಿದ್ದರೆ ಹೊಸದಾಗಿ ಕಟ್ಟಬೇಕಾಗುತ್ತದೆ. ಈ ಅಗತ್ಯಗಳಾವುವೂ ಇಂದು ಯಾರ ಸರದಿ ಎಂದು ಕೇಳುವುದಿಲ್ಲ.

ಇಂಗ್ಲೆಂಡಿನ ಗ್ರಾಮಾಂತರದ ಒಂದು ಲಾಯಕ್ಕೆ ಬುಧವಾರ ಮತ್ತು ಶನಿವಾರಗಳಂದು ಬರುವ ಹುಡುಗಿಯೊಬ್ಬಳನ್ನು ನಿದರ್ಶನಕ್ಕಾಗಿ ಕಲ್ಪಿಸಿಕೊಳ್ಳಬಹುದು. ಚಳಿಗಾಲದ ಶನಿವಾರ, ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಅವಳು ಬಂದೊಡನೆ ಜೀನನ್ನು ಎತ್ತಿಕೊಳ್ಳುವುದಿಲ್ಲ. ಮೊದಲು ನೀರಿನ ತೊಟ್ಟಿಯ ಮೇಲೆ ಕಟ್ಟಿದ ಮಂಜುಗಡ್ಡೆಯನ್ನು ಒಡೆಯುತ್ತಾಳೆ. ಅನಂತರ ಮೆಲುದನಿಯಲ್ಲಿ ಮಾತನಾಡಿಸುತ್ತ ಹೆಗಲಿನ ಕಡೆಯಿಂದ ಕುದುರೆಯನ್ನು ಸಮೀಪಿಸುತ್ತಾಳೆ. ಕುದುರೆಯ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಅದು ಸುತ್ತಮುತ್ತ ಹೆಚ್ಚು ಕಡಿಮೆ ಎಲ್ಲವನ್ನೂ ಕಾಣಬಲ್ಲುದು. ಆದರೆ ನೇರ ಬೆನ್ನ ಹಿಂದೆಯೂ ಹಣೆಯ ಮುಂದೆ ತೀರ ಸಮೀಪದಲ್ಲಿಯೂ ಇರುವುದು ಅದಕ್ಕೆ ಕಾಣದು. ಕಾಣದ ಕಡೆಯಿಂದ ಬಂದವನು ಆಪ್ತನಾದರೂ ಅದು ಬೆಚ್ಚಿ ಒದೆಯಬಹುದು.

ಬಳಿಕ ಅವಳು ಕುದುರೆಯನ್ನು ಹೊರಗೆ ಕಟ್ಟಿ, ನಾಲ್ಕು ಕಾಲುಗಳನ್ನೂ ಒಂದೊಂದಾಗಿ ಎತ್ತಿ, ಕೊಕ್ಕೆಯಿಂದ ಗೊರಸಿನೊಳಗಿನ ಕೆಸರನ್ನೂ ಕಲ್ಲನ್ನೂ ತೆಗೆಯುತ್ತಾಳೆ. ಮೈಯನ್ನು ಉಜ್ಜಿ, ಧೂಳನ್ನು ಕೊಡವಿ, ಜೀನು ಕೂರುವ ಕಡೆ ಗಾಯವಿದೆಯೇ ಎಂದು ಕೈಯಾಡಿಸಿ ನೋಡುತ್ತಾಳೆ. ಲದ್ದಿಯನ್ನೂ ಒದ್ದೆಯಾದ ಹುಲ್ಲುಹಾಸನ್ನೂ ಬಾಚಿ ಕೈಗಾಡಿಗೆ ತುಂಬಿ ತಿಪ್ಪೆಗೆ ಸಾಗಿಸಿ, ಹೊಸ ಹುಲ್ಲನ್ನು ಹರಡುತ್ತಾಳೆ. ಇಷ್ಟೆಲ್ಲ ಮುಗಿಯುವಷ್ಟರಲ್ಲಿ ಒಂದೆರಡು ಗಂಟೆಗಳೇ ಕಳೆದಿರುತ್ತವೆ. ಸವಾರಿಗೆ ದೊರೆಯುವುದು ಒಂದೇ ಗಂಟೆ. ಮೊದಮೊದಲು ಆ ಒಂದು ಗಂಟೆಗಾಗಿ ಉಳಿದುದನ್ನು ಸಹಿಸಿಕೊಳ್ಳುತ್ತಿದ್ದವಳಿಗೆ ಕ್ರಮೇಣ ಉಳಿದುದೂ ಪ್ರಿಯವಾಗುತ್ತದೆ.

ಆ ಲಾಯದ ಗೋಡೆಗೆ ಒಂದು ಪುಸ್ತಕವನ್ನು ತೂಗುಹಾಕಿದೆ. ಒಡತಿಯೂ ಹುಡುಗಿಯೂ ತಮ್ಮ ತಮ್ಮ ದಿನದ ಕೆಲಸ ಮುಗಿದೊಡನೆ ಕುದುರೆ ತಿಂದುದು, ಕುಡಿದುದು, ನಡೆದುದು, ಕಂಡುಬಂದ ಬದಲಾವಣೆ ಇವುಗಳನ್ನು ಅದರಲ್ಲಿ ಬರೆಯುತ್ತಾರೆ. ಬಹುತೇಕ ದಿನ ಬರೆಯಲು ವಿಶೇಷವೇನೂ ಇರುವುದಿಲ್ಲ, ಆದರೂ ಬರೆಯುತ್ತಾರೆ. ಆ ಶನಿವಾರ ಲಾಯದೊಳಗೆ ಸ್ವಲ್ಪ ಹುಲ್ಲು ಮಿಕ್ಕಿತ್ತು. ಅಷ್ಟನ್ನೇ ಕಂಡಿದ್ದರೆ ಅವಳು ಚಿಂತಿಸುತ್ತಿರಲಿಲ್ಲ. ಪುಸ್ತಕವನ್ನು ತೆರೆದಾಗ ಒಡತಿ ಹಿಂದಿನ ಸಂಜೆ ಬರೆದ ಒಂದು ಸಾಲು ಕಣ್ಣಿಗೆ ಬಿತ್ತು: ಕುದುರೆ ಅಂದು ನೀರು ಕಡಿಮೆ ಕುಡಿದಿತ್ತು. ಹುಡುಗಿ ಮತ್ತೆ ಹೋಗಿ ನೋಡಿದಳು. ರಾತ್ರಿಯ ಲದ್ದಿ ಎಂದಿಗಿಂತ ಕಡಿಮೆಯಾಗಿದ್ದು ಒಣಗಿತ್ತು. ಕುದುರೆ ಒಮ್ಮೆ ಕತ್ತು ತಿರುಗಿಸಿ ತನ್ನ ಪಕ್ಕೆಯನ್ನು ನೋಡಿಕೊಂಡಿತು. ಮುಂಗಾಲಿನಿಂದ ನೆಲವನ್ನು ಕೆರೆಯಿತು.

ಅವಳು ವಾರವೆಲ್ಲ ಆ ಸವಾರಿಗಾಗಿ ಕಾದಿದ್ದಳು. ಕುದುರೆ ನಡೆದಾಡಿದರೆ ಸರಿಹೋದೀತು ಎಂದು ಮನಸ್ಸು ನೆಪವನ್ನೂ ಒಡ್ಡಿತು. ಆದರೆ ಅವಳು ಜೀನನ್ನು ಅದರ ಜಾಗದಲ್ಲಿಯೇ ಬಿಟ್ಟು ಒಡತಿಗೆ ಫೋನು ಮಾಡಿದಳು. ಒಡತಿ ಪಶುವೈದ್ಯರಿಗೆ ಹೇಳಿಕಳುಹಿದಳು. ವೈದ್ಯರು ಬಂದು ಪಕ್ಕೆಗೆ ಸ್ಟೆತಾಸ್ಕೋಪನ್ನಿಟ್ಟು ಕರುಳಿನ ಸದ್ದನ್ನು ಆಲಿಸಿದರು. ನಾಡಿಯನ್ನು ಎಣಿಸಿ ಚುಚ್ಚುಮದ್ದು ಕೊಟ್ಟರು. ಹೇಳುವವರೆಗೆ ಮೇವು ಹಾಕಬಾರದೆಂದರು. ಅಂದೆಲ್ಲ ಹುಡುಗಿಯೂ ಒಡತಿಯೂ ಸರದಿಯಂತೆ ಅದರ ಬಳಿ ಕಾದರು. ಸಂಜೆಯ ಹೊತ್ತಿಗೆ ಕುದುರೆ ಲದ್ದಿ ಹಾಕಿತು. ಲದ್ದಿಯನ್ನು ಕಂಡು ಮನುಷ್ಯರು ಹಿಗ್ಗುವುದು ಲಾಯದಲ್ಲಿ ಮಾತ್ರವೇ ಇರಬೇಕು. ಒಬ್ಬಳು ಬರೆದ ಒಂದು ಸಾಲು, ಮತ್ತೊಬ್ಬಳು ಬಿಟ್ಟುಕೊಟ್ಟ ಒಂದು ಸವಾರಿ — ಇವೆರಡೂ ಕೂಡಿದುದರಿಂದ ರೋಗವು ಮೊದಲಲ್ಲಿಯೇ ಸಿಕ್ಕಿಬಿದ್ದಿತು. ಒಡತಿ ತಾನು ಕಂಡುದನ್ನು ಬರೆಯದಿದ್ದರೆ, ಅಥವಾ ಹುಡುಗಿ ಓದದಿದ್ದರೆ, ಇಬ್ಬರ ಬಳಿಯೂ ಅರ್ಧರ್ಧ ಸತ್ಯ ಮಾತ್ರ ಉಳಿಯುತ್ತಿತ್ತು.

ಕಾನೂನು ಸಹ ಈ ಹೊಣೆಯನ್ನು ಗುರುತಿಸಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಿಗಾಗಿ 2006ರಲ್ಲಿ ರಚಿತವಾದ ಪ್ರಾಣಿ ಕ್ಷೇಮ ಕಾಯಿದೆಯ ಪ್ರಕಾರ, ಪ್ರಾಣಿಯ ಹೊಣೆಯನ್ನು ಶಾಶ್ವತವಾಗಿ ಹೊತ್ತವರಂತೆಯೇ ತಾತ್ಕಾಲಿಕವಾಗಿ ಹೊತ್ತವರೂ ಜವಾಬ್ದಾರರು. ತಕ್ಕ ವಾಸಸ್ಥಳ, ತಕ್ಕ ಆಹಾರ, ಸಹಜವಾಗಿ ವರ್ತಿಸುವ ಅವಕಾಶ, ಇತರ ಪ್ರಾಣಿಗಳೊಡನೆ ಅಥವಾ ಅವುಗಳಿಂದ ದೂರವಿರುವ ಅನುಕೂಲ, ನೋವು ರೋಗಗಳಿಂದ ರಕ್ಷಣೆ — ಈ ಐದು ಅಗತ್ಯಗಳನ್ನು ಆ ಕಾಯಿದೆ ಹೆಸರಿಸುತ್ತದೆ. ಆದುದರಿಂದ ವಿವೇಕಿಗಳು ಪಾಲುಗಾರಿಕೆಗೆ ಮೊದಲೇ ಬರಹದಲ್ಲಿ ಒಪ್ಪಂದ ಮಾಡಿಕೊಳ್ಳುತ್ತಾರೆ. ಯಾವ ದಿನ ಯಾರದು, ವೈದ್ಯರ ವೆಚ್ಚ ಯಾರದು, ಒಡೆಯನು ಊರಲ್ಲಿಲ್ಲದಾಗ ಆಪತ್ತು ಬಂದರೆ ನಿರ್ಧಾರ ಯಾರದು, ಅಪಘಾತಕ್ಕೆ ವಿಮೆಯುಂಟೆ ಎಂಬುದೆಲ್ಲ ಅದರಲ್ಲಿ ಇರುತ್ತದೆ. ಬರಹದಲ್ಲಿ ಇಡಲಾಗದ ಇನ್ನೊಂದು ಒಪ್ಪಂದವೂ ಬೇಕು. ಒಬ್ಬರು ಮೆಚ್ಚಿ ಮೈದಡವಿದ ನಡತೆಗೆ ಮತ್ತೊಬ್ಬರು ಗದರಿಸಿದರೆ ಕುದುರೆ ಗೊಂದಲಕ್ಕೀಡಾಗುತ್ತದೆ. ಸವಾರರು ಇಬ್ಬರಾದರೂ ಲಗಾಮು ಆಡುವ ಭಾಷೆ ಒಂದೇ ಆಗಿರಬೇಕು.

ಹೊಣೆಯ ಮಾತಿನ ನಡುವೆ ಸಂತೋಷವನ್ನು ಮರೆಯಲಾಗದು. ಸಂಜೆ ಮೇವು ಹಾಕುವ ಹೊತ್ತಿಗೆ ಲಾಯದ ಉದ್ದಕ್ಕೂ ಕೇಳುವ ಮೆಲ್ಲನೆಯ ಕೆನೆತ, ಕತ್ತಲಾಗುತ್ತಿರುವಾಗ ಒಣಹುಲ್ಲನ್ನು ಅಗಿಯುವ ಏಕತಾನದ ಸದ್ದು, ಅಂಗೈಗೆ ತಗುಲುವ ಬೆಚ್ಚನೆಯ ಉಸಿರು — ಇವನ್ನು ಕಂಡುಂಡವರು ಸುಲಭವಾಗಿ ಮರೆಯರು. ಅಲ್ಲಿ ಮುದುಕರೂ ಮಕ್ಕಳೂ ಒಂದೇ ಹಲಗೆಯ ಮೇಲೆ ಕುಳಿತು ಜೀನುಗಳನ್ನು ಸೋಪಿನಿಂದ ತೊಡೆಯುತ್ತಾರೆ. ಒಬ್ಬರು ಊರಿಗೆ ಹೋದರೆ ಪಕ್ಕದವರು ಅವರ ಕುದುರೆಗೂ ನೀರಿಡುತ್ತಾರೆ. ಸ್ವಂತ ಕುದುರೆಯಿಲ್ಲದ ಮಕ್ಕಳಿಗೆ ಇಂಥ ಬಾಳಿನ ಬಾಗಿಲನ್ನು ತೆರೆದುದು ಪಾಲುಗಾರಿಕೆಯೇ.

ಗ್ರೀಕ್ ಲೇಖಕನಾದ ಕ್ಸೆನೊಫನ್ ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಒಂದು ಪ್ರಸಂಗವನ್ನು ಬರೆದಿಟ್ಟಿದ್ದಾನೆ. ಪರ್ಷಿಯದ ದೊರೆಗೆ ಒಂದು ಒಳ್ಳೆಯ ಕುದುರೆ ದೊರೆಯಿತು. ಅದನ್ನು ಬೇಗನೆ ಪುಷ್ಟಿಗೊಳಿಸುವುದು ಯಾವುದು ಎಂದು ಅವನು ಕುದುರೆಗಳನ್ನು ಬಲ್ಲ ಒಬ್ಬನನ್ನು ಕೇಳಿದನು. ಆ ಬಲ್ಲವನು ಧಾನ್ಯವನ್ನಾಗಲಿ ಹುಲ್ಲನ್ನಾಗಲಿ ಹೆಸರಿಸಲಿಲ್ಲ. ಒಡೆಯನ ಕಣ್ಣು ಎಂದನು. ಪಾಲಿನ ಕುದುರೆಗೆ ಅಂಥ ಕಣ್ಣುಗಳು ಎರಡು ಜೊತೆ. ಮತ್ತೊಬ್ಬರು ನೋಡಿಯಾರೆಂದು ಇಬ್ಬರೂ ಕಣ್ಣು ಮುಚ್ಚಿದರೆ, ಇಬ್ಬರು ಒಡೆಯರಿದ್ದೂ ಅದು ಅನಾಥ. ತನ್ನದೊಂದೇ ಕಣ್ಣು ಕಾಯುತ್ತಿದೆಯೆಂಬಂತೆ ಇಬ್ಬರೂ ನೋಡಿದರೆ, ಅದು ಒಬ್ಬನೇ ಒಡೆಯನುಳ್ಳ ಕುದುರೆಗಿಂತಲೂ ಸುಖಿ. ಊರಿನ ಕೆರೆ, ಶಾಲೆಯ ಪುಸ್ತಕ ಭಂಡಾರ ಮೊದಲಾಗಿ ಹಲವರು ಕೂಡಿ ಅನುಭವಿಸುವ ಎಲ್ಲಕ್ಕೂ ಈ ಮಾತು ಸಲ್ಲುತ್ತದೆ. ದಿನಗಳನ್ನು ಹಂಚಿಕೊಳ್ಳಬಹುದು, ಹೊಣೆಯನ್ನು ಮಾತ್ರ ಪ್ರತಿಯೊಬ್ಬರೂ ಇಡಿಯಾಗಿಯೇ ಹೊರಬೇಕು.